ವಾಲಿದ ಕೊರಳು, ತಿರುಚಿದ ನೋಟ

ಅಧ್ಯಾಪಕ ವೃತ್ತಿಯಲ್ಲಿ ಮೂರು ದಶಕಗಳಿಗೂ ಮಿಕ್ಕಿ ಕಳೆದವನ ನೆನಪುಗಳು ಎರಡು ಬಗೆಯವು: ಹೇಳಿಕೊಳ್ಳಲು ಹೆಮ್ಮೆ ಪಡುವಂಥವು ಮತ್ತು ಹೇಳಿಕೊಳ್ಳದೆ ಮುಚ್ಚಿಡಬಯಸುವಂಥವು. ಸ್ಮರಣ ಸಂಪುಟಗಳಲ್ಲಿ ಸಾಮಾನ್ಯವಾಗಿ ಮೊದಲನೆಯ ಬಗೆಯವೇ ಅಚ್ಚಾಗುತ್ತವೆ. ಪ್ರಸ್ತುತ ಲೇಖನವನ್ನು ನಾನು ಎರಡನೆಯ ಬಗೆಯ ಒಂದು ನೆನಪಿನಿಂದ ಆರಂಭಿಸಲು ಬಯಸುತ್ತೇನೆ. ಏಕೆಂದರೆ ಅದರಿಂದ ಕಲಿಯಬೇಕಾದ ಪಾಠವು ವಿಜ್ಞಾನದ ಪಾಠ. ವಿಜ್ಞಾನದ ಶಿಕ್ಷಕನಾಗಿದ್ದ ನಾನೇ ಅದನ್ನು ಅಂದು ಅರಿತಿರಲಿಲ್ಲ.

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಾಠ ಕೇಳುವಾಗ ಅವನ ತಲೆ ಯಾವಾಗಲೂ ಎಡ ಭುಜದ ಕಡೆಗೆ ವಾಲಿರುತ್ತಿತ್ತು. ಅದನ್ನು ನಾನು ಆಲಸ್ಯವೆಂದು ಬಗೆದೆ. ಕೆಲವೊಮ್ಮೆ ಎರಡೂ ಕೈಗಳಿಂದ ಅವನ ತಲೆಯನ್ನು ಹಿಡಿದು ನೆಟ್ಟಗೆ ನಿಲ್ಲಿಸಿದೆ. ನಾನು ಕರಿಹಲಗೆಯತ್ತ ತಿರುಗುವುದೇ ತಡ, ಅದು ಮೊದಲಿನಂತೆಯೇ ವಾಲುತ್ತಿತ್ತು. ಒಂದೆರಡು ಬಾರಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ಸಹಪಾಠಿಗಳು ಅವನಿಗೆ ‘ಸೊಟ್ಟ ಕುತ್ತಿಗಿ’ ಎಂದು ಅಡ್ಡಹೆಸರಿಟ್ಟರು. ಆ ಹೆಸರು ಹುಟ್ಟಲು ನಾನೇ ಕಾರಣನಾದೆನೆಂಬುದನ್ನು ಇಂದು ಒಪ್ಪಿಕೊಳ್ಳಲೇಬೇಕು.

ಅನೇಕ ವರ್ಷಗಳ ತರುವಾಯ, ನಿವೃತ್ತನಾಗಿ ಮನೆಯಲ್ಲಿದ್ದಾಗ, ಆ ವಿದ್ಯಾರ್ಥಿ ನನ್ನನ್ನು ಹುಡುಕಿಕೊಂಡು ಬಂದ. ನಮಸ್ಕರಿಸಿ, ಹಳೆಯ ಸಮೂಹ ಛಾಯಾಚಿತ್ರವೊಂದನ್ನು ನನ್ನ ಮುಂದಿಟ್ಟ. ನಡುವೆ ಕುರ್ಚಿಯಲ್ಲಿ ನಾನು. ಹಿಂದಿನ ಸಾಲಿನ ತುದಿಯಲ್ಲಿ ಅವನು, ಎಂದಿನಂತೆ ಕೊರಳನ್ನು ಎಡಕ್ಕೆ ವಾಲಿಸಿಕೊಂಡು. ಮೂವತ್ತೈದರ ವಯಸ್ಸಿಗೆ ಅವನಿಗೆ ಒಂದೊಂದು ವಸ್ತುವೂ ಎರಡೆರಡಾಗಿ ಕಾಣತೊಡಗಿತ್ತು. ನೇತ್ರತಜ್ಞರು ಪರೀಕ್ಷಿಸಿ, ಬಾಲ್ಯದ ಚಿತ್ರಗಳಿದ್ದರೆ ತರುವಂತೆ ಹೇಳಿದ್ದರು. ತೊಟ್ಟಿಲ ಕಾಲದ ಚಿತ್ರದಲ್ಲೂ ಶಾಲೆಯ ಚಿತ್ರದಲ್ಲೂ ತಲೆ ಅದೇ ಬದಿಗೆ ವಾಲಿತ್ತು. ಬಲಗಣ್ಣಿನ ಒಂದು ಸ್ನಾಯು ಹುಟ್ಟಿನಿಂದಲೇ ದುರ್ಬಲವಾಗಿದೆಯೆಂದು ಅದರಿಂದ ಖಚಿತವಾಯಿತು. ಶಸ್ತ್ರಚಿಕಿತ್ಸೆಯಾಗಿ ಅವನು ಗುಣಮುಖನಾಗಿದ್ದ. ಅವನಾಡಿದ ಮಾತು ಇಷ್ಟೇ: “ಗುರುಗಳ, ನನ್ನ ಕುತ್ತಿಗಿ ಸೊಟ್ಟ ಇರಲಿಲ್ರಿ. ಕಣ್ಣಾಗಿಂದು ನಾ ಕುತ್ತಿಗಿಲೆ ಸರಿ ಮಾಡ್ಕೊಳ್ಳಾಕತ್ತಿದ್ನಿ.”

ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದರೆ ಅಂದಿನಿಂದ ಈ ವಿಷಯವನ್ನು ನನ್ನ ಅಳವಿಗೆ ಸಿಕ್ಕಷ್ಟು ಅಭ್ಯಾಸ ಮಾಡಬೇಕೆಂದು ನಿಶ್ಚಯಿಸಿದೆ. ಆ ಅಭ್ಯಾಸದ ಸಾರವನ್ನು ಗುರುಬಂಧುಗಳ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಾಣದ ಓರೆ

ಓರೆಗಣ್ಣು ಅಥವಾ ಮೆಳ್ಳೆಗಣ್ಣು ಎಲ್ಲರಿಗೂ ತಿಳಿದ ದೋಷ. ಒಂದು ಕಣ್ಣು ಮೂಗಿನತ್ತಲೋ ಕಿವಿಯತ್ತಲೋ, ಕೆಲವೊಮ್ಮೆ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ನೋಡುವವರಿಗೆ ಅದು ಕೂಡಲೇ ಗೊತ್ತಾಗುತ್ತದೆ. ಆದರೆ ಇನ್ನೊಂದು ಬಗೆಯ ಓರೆಯಿದೆ. ಗೋಡೆಗೆ ಒಂದೇ ಮೊಳೆಯಿಂದ ತೂಗುಹಾಕಿದ ಚಿತ್ರಪಟವನ್ನು ನೆನೆಯಿರಿ. ಮೊಳೆ ಕದಲುವುದಿಲ್ಲ, ಪಟವೂ ತನ್ನ ಸ್ಥಳ ಬಿಡುವುದಿಲ್ಲ. ಆದರೂ ಅದು ಒಂದು ಬದಿಗೆ ವಾಲಬಹುದು. ಅದೇ ರೀತಿ ಕಣ್ಣುಗುಡ್ಡೆಯು ನೇರವಾಗಿ ಮುಂದಕ್ಕೆ ನೋಡುತ್ತಿರುವಾಗಲೇ, ತನ್ನ ನೋಟದ ರೇಖೆಯನ್ನೇ ಅಚ್ಚಾಗಿಸಿಕೊಂಡು, ಬಂಡಿಯ ಗಾಲಿಯಂತೆ ಕೆಲವು ಡಿಗ್ರಿಗಳಷ್ಟು ತಿರುಚಿಕೊಳ್ಳಬಹುದು. ಕಣ್ಣಿನ ಪಾಪೆ ದುಂಡಗಿರುವುದರಿಂದ ಈ ತಿರುಚು ಹೊರಗಿನಿಂದ ನೋಡುವವರಿಗೆ ತೋರುವುದೇ ಇಲ್ಲ. ಕಣ್ಣಿನ ಮೇಲ್ತುದಿ ಮೂಗಿನ ಕಡೆಗೆ ಹೊರಳಿದರೆ ಅದನ್ನು ಒಳತಿರುಚು ಎಂದೂ ಕಿವಿಯ ಕಡೆಗೆ ಹೊರಳಿದರೆ ಹೊರತಿರುಚು ಎಂದೂ ಕರೆಯಬಹುದು.

ಇಂಥ ತಿರುಚಿಗೆ ಕಾರಣವೇನೆಂದು ತಿಳಿಯಲು ಕಣ್ಣಿನ ಸ್ನಾಯುಗಳ ವ್ಯವಸ್ಥೆಯನ್ನು ಸ್ವಲ್ಪ ಅರಿಯಬೇಕು. ಪ್ರತಿಯೊಂದು ಕಣ್ಣುಗುಡ್ಡೆಯನ್ನು ಆರು ಸ್ನಾಯುಗಳು ಚಲಿಸುತ್ತವೆ: ನಾಲ್ಕು ನೇರ ಸ್ನಾಯುಗಳು, ಎರಡು ಓರೆ ಸ್ನಾಯುಗಳು. ಇವುಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಮೇಲಿನ ಓರೆ ಸ್ನಾಯು. ಅದು ಕಣ್ಣಿನ ಗೂಡಿನ ಹಿಂಭಾಗದಿಂದ ಹೊರಟು, ಮೂಗಿನ ಬದಿಯ ಮೇಲ್ಮೂಲೆಗೆ ಬಂದು, ಅಲ್ಲಿರುವ ಮೃದ್ವಸ್ಥಿಯ ಚಿಕ್ಕ ಬಳೆಯೊಂದರಲ್ಲಿ ತೂರುತ್ತದೆ. ಬಾವಿಯ ಹಗ್ಗವು ರಾಟೆಯ ಮೇಲೆ ಹಾಯ್ದು ದಿಕ್ಕು ಬದಲಿಸುವಂತೆ, ಸ್ನಾಯುವಿನ ಕಸೆಯೂ ಅಲ್ಲಿ ದಿಕ್ಕು ಬದಲಿಸಿ, ಹಿಂದಕ್ಕೂ ಹೊರಕ್ಕೂ ಸಾಗಿ, ಕಣ್ಣುಗುಡ್ಡೆಯ ಮೇಲ್ಭಾಗಕ್ಕೆ ಬೀಸಣಿಗೆಯಂತೆ ಹರಡಿ ಅಂಟಿಕೊಳ್ಳುತ್ತದೆ. ಕಸೆಯ ಮುಂದಿನ ಎಳೆಗಳ ಮುಖ್ಯ ಕೆಲಸ ಕಣ್ಣನ್ನು ಒಳಕ್ಕೆ ತಿರುಚುವುದು; ಹಿಂದಿನ ಎಳೆಗಳ ಮುಖ್ಯ ಕೆಲಸ ಕಣ್ಣನ್ನು ಕೆಳಕ್ಕಿಳಿಸುವುದು. ಒಂದೇ ಕಸೆಯಲ್ಲಿ ಎರಡು ಕೆಲಸಗಳು ಹೀಗೆ ಹಂಚಿಹೋಗಿರುವ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಶಸ್ತ್ರಚಿಕಿತ್ಸೆಯ ಕೀಲಿಕೈ ಇರುವುದು ಇಲ್ಲಿಯೇ.

ಈ ಸ್ನಾಯುವಿಗೆ ಆಜ್ಞೆ ಒಯ್ಯುವುದು ನಾಲ್ಕನೆಯ ಕಪಾಲ ನರ. ಹನ್ನೆರಡು ಜೊತೆ ಕಪಾಲ ನರಗಳಲ್ಲಿ ಮಿದುಳಿನ ಕಾಂಡದ ಹಿಂಬದಿಯಿಂದ ಹೊರಡುವುದು ಇದೊಂದೇ. ಅದು ಬಹಳ ಸಪೂರವಾದುದು. ತಲೆಬುರುಡೆಯೊಳಗೆ ಬಹು ದೂರ ಬಳಸಿ ಬರುವಂಥದು. ಎಡಬಲದ ಎರಡೂ ನರಗಳು ಹೊರಡುವ ಸ್ಥಳದಲ್ಲಿ ಒಂದನ್ನೊಂದು ದಾಟಿ ಎದುರು ಬದಿಗೆ ಹೋಗುತ್ತವೆ. ಆದುದರಿಂದ ತಲೆಗೆ ಬಲವಾದ ಪೆಟ್ಟು ಬಿದ್ದಾಗ ಈ ನರ ಜಖಂಗೊಳ್ಳುವ ಸಂಭವ ಹೆಚ್ಚು. ಕೆಲವೊಮ್ಮೆ ಎರಡೂ ಬದಿಯ ನರಗಳು ಒಮ್ಮೆಗೇ ಜಖಂಗೊಳ್ಳುತ್ತವೆ. ನರ ಸೋತರೆ ಸ್ನಾಯು ಸೋಲುತ್ತದೆ. ಸ್ನಾಯು ಸೋತರೆ ಕಣ್ಣು ಸ್ವಲ್ಪ ಮೇಲಕ್ಕೇರಿ ಹೊರಕ್ಕೆ ತಿರುಚಿಕೊಳ್ಳುತ್ತದೆ.

ಕೊರಳು ಏಕೆ ವಾಲುತ್ತದೆ?

ಇಲ್ಲಿ ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಬಹುದು. ಕನ್ನಡಿಯ ಮುಂದೆ ನಿಂತು, ಕಣ್ಣಿನ ಬಿಳಿ ಭಾಗದಲ್ಲಿರುವ ಒಂದು ಸಣ್ಣ ಕೆಂಪು ರಕ್ತನಾಳವನ್ನು ಗುರುತಿಟ್ಟುಕೊಂಡು, ತಲೆಯನ್ನು ನಿಧಾನವಾಗಿ ಬಲ ಭುಜದತ್ತ ವಾಲಿಸಿರಿ. ತಲೆ ವಾಲಿದಷ್ಟೂ ಕಣ್ಣು ವಾಲುವುದಿಲ್ಲ. ಅದು ಎದುರು ದಿಕ್ಕಿಗೆ ಕೊಂಚ ತಿರುಗಿ ತನ್ನನ್ನು ಸರಿಪಡಿಸಿಕೊಳ್ಳಲು ಯತ್ನಿಸುತ್ತದೆ. ಒಳಕಿವಿಯಲ್ಲಿರುವ ಸಮತೋಲನದ ಅಂಗವೇ ಈ ಆಜ್ಞೆಯನ್ನು ಕೊಡುವುದು. ಈ ಪ್ರತಿತಿರುಗು ತಲೆಯ ವಾಲಿಕೆಯ ಸುಮಾರು ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆದರೂ ಅದರ ಪರಿಣಾಮ ದೊಡ್ಡದು.

ತಲೆ ಬಲಕ್ಕೆ ವಾಲಿದಾಗ ಬಲಗಣ್ಣು ಒಳಕ್ಕೆ ತಿರುಚಬೇಕಾಗುತ್ತದೆ. ಆ ಕೆಲಸವನ್ನು ಎರಡು ಸ್ನಾಯುಗಳು ಕೂಡಿ ಮಾಡುತ್ತವೆ: ಮೇಲಿನ ಓರೆ ಸ್ನಾಯು ಮತ್ತು ಮೇಲಿನ ನೇರ ಸ್ನಾಯು. ಮೊದಲನೆಯದು ಕಣ್ಣನ್ನು ಕೆಳಕ್ಕೂ ಎರಡನೆಯದು ಮೇಲಕ್ಕೂ ಎಳೆಯುವುದರಿಂದ ಒಂದರ ಎಳೆತವನ್ನು ಇನ್ನೊಂದು ಸರಿದೂಗಿಸುತ್ತದೆ. ಬಲಗಣ್ಣಿನ ಓರೆ ಸ್ನಾಯು ದುರ್ಬಲವಾಗಿದ್ದರೆ ನೇರ ಸ್ನಾಯು ಒಂಟಿಯಾಗಿ ಎಳೆದು ಕಣ್ಣನ್ನು ಮೇಲಕ್ಕೇರಿಸಿಬಿಡುತ್ತದೆ. ಆಗ ಎರಡು ಕಣ್ಣುಗಳ ನೋಟ ಬೇರೆ ಬೇರೆಯಾಗಿ ವಸ್ತುಗಳು ಜೋಡಿಯಾಗಿ ಕಾಣುತ್ತವೆ. ತಲೆಯನ್ನು ಎಡಕ್ಕೆ ವಾಲಿಸಿದರೆ ಆ ದುರ್ಬಲ ಸ್ನಾಯುವಿಗೆ ಒಳತಿರುಚಿನ ಕೆಲಸವೇ ಬೀಳುವುದಿಲ್ಲ, ನೋಟ ಒಂದಾಗುತ್ತದೆ. ಆಲ್ಫ್ರೆಡ್ ಬೀಲ್‌ಶೋವ್ಸ್ಕಿ (೧೮೭೧–೧೯೪೦) ಎಂಬ ಜರ್ಮನ್ ನೇತ್ರವಿಜ್ಞಾನಿಯ ಹೆಸರಿನಿಂದ ಪ್ರಸಿದ್ಧವಾದ ತಲೆವಾಲಿಕೆಯ ಪರೀಕ್ಷೆ ಈ ತತ್ತ್ವವನ್ನೇ ಆಧರಿಸಿದೆ. ಇಂದಿಗೂ ವೈದ್ಯರು ರೋಗಿಯ ತಲೆಯನ್ನು ಎರಡೂ ಬದಿಗೆ ವಾಲಿಸಿ, ಯಾವ ಬದಿಗೆ ವಾಲಿದಾಗ ಕಣ್ಣು ಮೇಲೇರುತ್ತದೆಂದು ನೋಡುತ್ತಾರೆ.

ನನ್ನ ವಿದ್ಯಾರ್ಥಿ ತರಗತಿಯಲ್ಲಿ ಮಾಡುತ್ತಿದ್ದದ್ದು ಇದನ್ನೇ. ಯಾರೂ ಕಲಿಸದೆ, ತನಗೂ ಅರಿವಿಲ್ಲದೆ, ಕರಿಹಲಗೆಯ ಮೇಲಿನ ಅಕ್ಷರಗಳು ಒಂದಾಗಿ ಕಾಣುವ ಕೋನವನ್ನು ಅವನ ಕೊರಳು ಕಂಡುಕೊಂಡಿತ್ತು. ನಾನು ಅವನ ತಲೆಯನ್ನು ನೆಟ್ಟಗೆ ಮಾಡಿದಾಗಲೆಲ್ಲ ಅವನ ಅಕ್ಷರಗಳನ್ನು ಒಡೆಯುತ್ತಿದ್ದೆ.

ದೃಷ್ಟಿಯ ಹೊಂದಾಣಿಕೆ

ಇನ್ನು ಈ ವಿಷಯದ ಅತ್ಯಂತ ಸ್ವಾರಸ್ಯಕರವಾದ ಭಾಗಕ್ಕೆ ಬರೋಣ. ಕಣ್ಣೊಂದು ಹತ್ತು ಡಿಗ್ರಿ ತಿರುಚಿದ್ದರೆ ಜಗತ್ತು ಹತ್ತು ಡಿಗ್ರಿ ವಾಲಿ ಕಾಣಬೇಕಲ್ಲವೆ? ಅಪಘಾತದಿಂದ ದೊಡ್ಡವರಿಗೆ ಈ ದೋಷ ಬಂದಾಗ ಹಾಗೆಯೇ ಕಾಣುತ್ತದೆ. ಆದರೆ ಹುಟ್ಟಿನಿಂದಲೇ ಈ ದೋಷವುಳ್ಳವರನ್ನು ಕೇಳಿದರೆ, ಬಾಗಿಲು ಕಂಬಗಳೆಲ್ಲ ನೆಟ್ಟಗಿವೆಯೆಂದೇ ಹೇಳುತ್ತಾರೆ. ಕಣ್ಣಿನ ಒಳಪಟಲವನ್ನು ಉಪಕರಣದಿಂದ ನೋಡಿದ ವೈದ್ಯರಿಗೆ ಅದು ಸ್ಪಷ್ಟವಾಗಿ ತಿರುಗಿರುವುದು ಕಾಣುತ್ತದೆ. ರೋಗಿಗೆ ಮಾತ್ರ ಏನೂ ವಾಲಿಲ್ಲ.

ಇದು ಮಿದುಳಿನ ಹೊಂದಾಣಿಕೆಯ ಫಲ. ನಾವು ನೋಡುವುದು ಕಣ್ಣಿನಿಂದ ಮಾತ್ರವಲ್ಲ, ಅನುಭವದಿಂದಲೂ ಹೌದು. ಮಗುವಿಗೆ ‘ಮೇಲೆ’, ‘ಕೆಳಗೆ’, ‘ನೆಟ್ಟಗೆ’ ಎಂಬ ಅರಿವು ಅಕ್ಷಿಪಟಲದ ಮೇಲೆ ಅಚ್ಚೊತ್ತಿ ಬಂದಿರುವುದಿಲ್ಲ. ಬೀಳುವ ವಸ್ತು, ನಿಂತ ಕಂಬ, ಹರಡಿದ ನೆಲ, ಒಳಕಿವಿಯ ಸಮತೋಲನ ಇವೆಲ್ಲವುಗಳಿಂದ ಮಿದುಳು ಆ ಅರಿವನ್ನು ಬೆಳೆಸಿಕೊಳ್ಳುತ್ತದೆ. ತಿರುಚಿದ ಕಣ್ಣಿನೊಡನೆಯೇ ಹುಟ್ಟಿದ ಮಗುವಿನ ಮಿದುಳು, ಆ ಕಣ್ಣಿನಲ್ಲಿ ಓರೆಯಾಗಿ ಬೀಳುವ ಗೆರೆಯನ್ನೇ ‘ನೆಟ್ಟಗೆ’ ಎಂದು ಓದಲು ಕಲಿಯುತ್ತದೆ. ಇದಲ್ಲದೆ ಇನ್ನೂ ಮೂರು ಉಪಾಯಗಳು ಅದಕ್ಕಿವೆ. ತಿರುಚಿದ ಕಣ್ಣಿನ ಬಿಂಬವನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಡಗಿಸಿಡಬಹುದು. ಎರಡು ಕಣ್ಣುಗಳ ನಡುವಿನ ಮೇಲು-ಕೆಳಗಿನ ಅಂತರವನ್ನು ಕೂಡಿಸಿ ಒಂದಾಗಿ ಕಾಣುವ ಶಕ್ತಿಯನ್ನು, ಸಾಮಾನ್ಯರಿಗಿಂತ ಹಲವು ಪಟ್ಟು ಹೆಚ್ಚಾಗಿ ಬೆಳೆಸಿಕೊಳ್ಳಬಹುದು. ಇವೆರಡೂ ಸಾಲದಾದಾಗ ಕೊರಳನ್ನು ವಾಲಿಸಬಹುದು.

ಆರೋಗ್ಯವಂತರಲ್ಲಿಯೂ ಎರಡು ಕಣ್ಣುಗಳ ನಡುವೆ ಕೆಲವು ಡಿಗ್ರಿಗಳ ತಿರುಚಿನ ವ್ಯತ್ಯಾಸ ಉಂಟಾದರೆ ಮಿದುಳು ಅದನ್ನು ಸದ್ದಿಲ್ಲದೆ ಕೂಡಿಸಿಬಿಡುತ್ತದೆ. ಆ ಮಿತಿ ದಾಟಿದರೆ ವಯಸ್ಕರ ಮಿದುಳು ಸೋಲುತ್ತದೆ. ಎಳೆಯ ಮಿದುಳು ಕಲಿಯುವುದನ್ನು ಬಲಿತ ಮಿದುಳು ಅಷ್ಟು ಸುಲಭವಾಗಿ ಕಲಿಯಲಾರದು. ಗುರುಗಳಾದ ನಮಗೆ ಇದು ಹೊಸ ಮಾತೇನಲ್ಲ.

ಆದರೆ ಈ ಹೊಂದಾಣಿಕೆಗೆ ಬೆಲೆಯಿಲ್ಲವೆಂದು ತಿಳಿಯಬಾರದು. ವರ್ಷಾನುಗಟ್ಟಲೆ ಒಂದೇ ಬದಿಗೆ ವಾಲಿದ ಕೊರಳಿನ ಸ್ನಾಯುಗಳು ಬಿಗಿಯುತ್ತವೆ. ಬೆಳೆಯುವ ಮಗುವಿನ ಮುಖದ ಎರಡು ಪಾರ್ಶ್ವಗಳು ಸಮನಾಗಿ ಬೆಳೆಯದೆ ಒಂದು ಕೆನ್ನೆ ಕಿರಿದಾಗಿ ತೋರಬಹುದು. ಮೂವತ್ತು ನಲವತ್ತರ ವಯಸ್ಸಿನಲ್ಲಿ ಕೂಡಿಸುವ ಶಕ್ತಿ ಕುಗ್ಗಿದಾಗ, ಅಷ್ಟು ದಿನ ಮುಚ್ಚಿಟ್ಟ ದೋಷ ಜೋಡಿನೋಟವಾಗಿ ಹೊರಬೀಳುತ್ತದೆ. ನನ್ನ ವಿದ್ಯಾರ್ಥಿಗೆ ಆದದ್ದು ಇದೇ.

ನಮ್ಮ ನೆಲದಲ್ಲಿ ಈ ದೋಷದ ಅರ್ಥ

ದೊಡ್ಡವರಿಗೆ ಇದು ಒಮ್ಮೆಲೇ ಬಂದಾಗ ಆಗುವ ಕಷ್ಟವನ್ನು ನಮ್ಮ ಪರಿಸರದಲ್ಲಿಟ್ಟು ನೋಡೋಣ. ಎರಡೂ ಬದಿಯ ನಾಲ್ಕನೆಯ ನರ ಜಖಂಗೊಂಡವನಿಗೆ ತಿರುಚು ಅತಿ ಹೆಚ್ಚಾಗಿ ಕಾಡುವುದು ಕೆಳಕ್ಕೆ ನೋಡುವಾಗ. ಅವನು ಬಾದಾಮಿಯ ಮೇಣಬಸದಿಗಳನ್ನು ನೋಡಲು ಹೋದನೆನ್ನೋಣ. ಕ್ರಿ. ಶ. ೫೭೮ರ ಶಾಸನವುಳ್ಳ ಮೂರನೆಯ ಗುಹೆಯವರೆಗೆ ಮೆಟ್ಟಿಲು ಹತ್ತುವುದು ಅವನಿಗೆ ಅಷ್ಟು ಕಷ್ಟವಲ್ಲ. ಇಳಿಯುವಾಗ ಒಂದೊಂದು ಮೆಟ್ಟಿಲಿನ ಅಂಚೂ ಎರಡಾಗಿ, ಒಂದರ ಮೇಲೊಂದು ಓರೆಯಾಗಿ ಬಿದ್ದಂತೆ ಕಾಣುತ್ತದೆ. ಕಾಲಿಡಬೇಕಾದ ಅಂಚು ಯಾವುದೆಂದು ತಿಳಿಯದೆ ಒಂದು ಕಣ್ಣು ಮುಚ್ಚಿ, ಬಂಡೆಗೆ ಕೈಕೊಟ್ಟು ಇಳಿಯಬೇಕಾಗುತ್ತದೆ.

ಇಳಕಲ್ಲಿನ ನೇಕಾರನ ಸ್ಥಿತಿ ಇನ್ನೂ ಕಠಿಣ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವನ ಕಣ್ಣು ದಿನವಿಡೀ ಕೆಳಗೆ, ಹತ್ತಿರದಲ್ಲಿ ನೆಟ್ಟಿರುತ್ತದೆ. ಹಾಸಿನ ಎಳೆಗಳಿಗೆ ಹೊಕ್ಕಿನ ಎಳೆ ಸರಿಯಾಗಿ ಅಡ್ಡ ಬಿದ್ದಿದೆಯೇ ಎಂಬುದೇ ಅವನ ವೃತ್ತಿಯ ಅಳತೆಗೋಲು. ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವುದು ಇಳಕಲ್ಲ ಸೀರೆಯ ವೈಶಿಷ್ಟ್ಯ. ಆ ಎಳೆಗಳು ಜೋಡಿಯಾಗಿ ಓರೆಯಾಗಿ ಕಂಡರೆ ಅವನ ಕೈಯ ಕುಶಲತೆಯೆಲ್ಲ ವ್ಯರ್ಥ. ಅಂಥವನಿಗೆ ಕಣ್ಣಿನ ಫಲಕದ ಅಕ್ಷರಗಳನ್ನು ಓದಿಸಿ, ನಿನ್ನ ದೃಷ್ಟಿ ಚೆನ್ನಾಗಿದೆಯೆಂದು ಹೇಳಿ ಕಳುಹಿಸಿದರೆ ಅವನ ಸಂಕಟ ಯಾರಿಗೂ ಅರ್ಥವಾಗುವುದಿಲ್ಲ. ಒಂದೊಂದು ಕಣ್ಣನ್ನು ಬೇರೆಯಾಗಿ ಪರೀಕ್ಷಿಸಿದಾಗ ಎರಡೂ ಚೆನ್ನಾಗಿಯೇ ಕಾಣುತ್ತವೆ. ದೋಷವಿರುವುದು ಅವೆರಡರ ಕೂಟದಲ್ಲಿ.

ಹುನಗುಂದ, ಇಳಕಲ್ ಪಟ್ಟಣಗಳನ್ನು ಹಾಯ್ದುಹೋಗುವ ಹೆದ್ದಾರಿಯಲ್ಲಿ ದ್ವಿಚಕ್ರ ವಾಹನಗಳ ಓಡಾಟ ಎಷ್ಟಿದೆಯೆಂಬುದನ್ನು ನಾವೆಲ್ಲ ಬಲ್ಲೆವು. ಶಿರಸ್ತ್ರಾಣವಿಲ್ಲದೆ ಬಿದ್ದವನು ಬದುಕಿ ಉಳಿದರೂ ಕೂದಲೆಳೆಯಂಥ ಒಂದು ನರ ನಲುಗಿದರೆ ಅವನ ಓದು, ನೇಯ್ಗೆ, ನಡಿಗೆ ಎಲ್ಲವೂ ಓರೆಯಾಗುತ್ತದೆ. ಇಳಕಲ್ಲಿನ ಲಿಂಗೈಕ್ಯ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಕುಡಿದು ವಾಹನ ನಡೆಸುವುದರಿಂದ ಆಗುವ ಹಾನಿಗಳ ಪಟ್ಟಿಯಲ್ಲಿ ಇದೂ ಒಂದೆಂಬುದನ್ನು ನಮ್ಮ ತರುಣರು ತಿಳಿಯಬೇಕು.

ಗುರುತಿಸುವ ಬಗೆ

ಈ ದೋಷವನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರಗಳು ಬೇಕೆಂದೇನಿಲ್ಲ. ಜೋಡಿನೋಟದ ತೊಂದರೆಯುಳ್ಳವನ ಮುಂದೆ ಒಂದು ಅಡಿಪಟ್ಟಿಯನ್ನು ಅಡ್ಡಲಾಗಿ ಹಿಡಿಯಿರಿ. ಮೇಲಿನ ಓರೆ ಸ್ನಾಯು ಒಂದು ಕಣ್ಣಿನಲ್ಲಿ ಸೋತಿದ್ದರೆ ಅವನಿಗೆ ಎರಡು ಪಟ್ಟಿಗಳು ಕಾಣುತ್ತವೆ: ಒಂದು ನೇರ, ಅದರ ಕೆಳಗೆ ಇನ್ನೊಂದು ಓರೆ. ಆ ಎರಡೂ ಒಂದು ತುದಿಯಲ್ಲಿ ಕೂಡುವಂತೆ ಬಾಗಿರುತ್ತವೆ. ಕೂಡುವ ತುದಿ ಯಾವ ಕಡೆಗಿದೆಯೋ ಆ ಕಡೆಯ ಕಣ್ಣೇ ದುರ್ಬಲವಾದದ್ದು.

ವೈದ್ಯರು ತಿರುಚನ್ನು ಡಿಗ್ರಿಗಳಲ್ಲಿ ಅಳೆಯಲು, ಬ್ರಿಟನ್ನಿನ ಅರ್ನೆಸ್ಟ್ ಮ್ಯಾಡಾಕ್ಸ್ ಎಂಬ ವೈದ್ಯನ ಹೆಸರಿನ ಗೀರುಗಾಜುಗಳನ್ನು ಬಳಸುತ್ತಾರೆ. ಅವುಗಳ ಮೂಲಕ ನೋಡಿದಾಗ ದೀಪದ ಬಿಂದುವು ಗೆರೆಯಾಗಿ ತೋರುತ್ತದೆ. ಒಂದು ಕಣ್ಣಿಗೆ ಕೆಂಪು, ಇನ್ನೊಂದಕ್ಕೆ ಬಿಳಿ ಗಾಜನ್ನಿಟ್ಟು, ಎರಡು ಗೆರೆಗಳೂ ಸಮಾನಾಂತರವಾಗುವವರೆಗೆ ಗಾಜನ್ನು ತಿರುಗಿಸಿದರೆ, ತಿರುಗಿಸಿದ ಕೋನವೇ ತಿರುಚಿನ ಅಳತೆ. ಅದು ೧೦ ಡಿಗ್ರಿಗಿಂತ ಹೆಚ್ಚಾಗಿದ್ದರೆ ಎರಡೂ ಬದಿಯ ನರಗಳು ಸೋತಿರಬಹುದೆಂದು ಶಂಕಿಸುತ್ತಾರೆ. ಉತ್ತರ ಹೇಳಲರಿಯದ ಮಕ್ಕಳಲ್ಲಿ ಅಕ್ಷಿಪಟಲದ ಛಾಯಾಚಿತ್ರವೇ ಸಾಕ್ಷಿ. ನಮ್ಮ ಪಠ್ಯಪುಸ್ತಕಗಳಲ್ಲಿ ಬರುವ ಹಳದಿ ಚುಕ್ಕೆಯು ಸಾಮಾನ್ಯವಾಗಿ, ದೃಷ್ಟಿನರವು ಕಣ್ಣಿನಿಂದ ಹೊರಡುವ ಬಿಲ್ಲೆಯ ಕೆಳ ಅರ್ಧದ ಮಟ್ಟದಲ್ಲಿರುತ್ತದೆ. ಅದು ಬಿಲ್ಲೆಯ ಕೆಳ ಅಂಚಿಗಿಂತಲೂ ಕೆಳಗಿದ್ದರೆ ಕಣ್ಣು ಹೊರಕ್ಕೆ ತಿರುಚಿದೆಯೆಂದರ್ಥ.

ಶಿಕ್ಷಕರು ಮಾಡಬಹುದಾದ ಪರೀಕ್ಷೆಯೂ ಒಂದುಂಟು. ಕೊರಳು ವಾಲಿಸುವ ಮಗುವಿನ ಒಂದು ಕಣ್ಣನ್ನು ಕೆಲಹೊತ್ತು ಅಂಗೈಯಿಂದ ಮುಚ್ಚಿರಿ. ಆಮೇಲೆ ಇನ್ನೊಂದನ್ನು ಮುಚ್ಚಿರಿ. ಒಂದು ಕಣ್ಣು ಮುಚ್ಚಿದಾಗ ಕೊರಳು ತಾನಾಗಿ ನೆಟ್ಟಗಾದರೆ ಕಾರಣ ಕಣ್ಣಿನಲ್ಲಿರುವ ಸಂಭವವೇ ಹೆಚ್ಚು. ನೆಟ್ಟಗಾಗದಿದ್ದರೂ ಕಣ್ಣಿನ ದೋಷವಿಲ್ಲವೆಂದು ತೀರ್ಮಾನಿಸಬಾರದು. ಕೊರಳಿನ ಸ್ನಾಯುವೇ ಬಿಗಿದಿರಬಹುದು. ಎರಡು ಸಂದರ್ಭಗಳಲ್ಲಿಯೂ ವೈದ್ಯರಿಗೆ ತೋರಿಸುವುದು ಅಗತ್ಯ. ಕೊರಳು ನೆಟ್ಟಗಿದ್ದವರಿಗೆ ಒಮ್ಮೆಲೇ ಜೋಡಿನೋಟ ಬಂದು, ಅದರೊಡನೆ ತೀವ್ರ ತಲೆನೋವು, ಮಾತಿನ ತೊದಲು, ಕೈಕಾಲುಗಳ ಬಲಹೀನತೆ ಕಂಡರೆ ಅದು ಮಿದುಳಿನ ತುರ್ತು ಸ್ಥಿತಿ. ಒಂದು ಗಳಿಗೆಯೂ ತಡಮಾಡಬಾರದು.

ಶಸ್ತ್ರಚಿಕಿತ್ಸೆ

ಕನ್ನಡಕದಿಂದ ಇದು ಸರಿಯಾಗದೇ ಎಂದು ಅನೇಕರು ಕೇಳುತ್ತಾರೆ. ಪಟ್ಟಕದ ಕನ್ನಡಕವು ಬಿಂಬವನ್ನು ಮೇಲಕ್ಕೆ, ಕೆಳಕ್ಕೆ, ಪಕ್ಕಕ್ಕೆ ಸರಿಸಬಲ್ಲುದು, ತಿರುಗಿಸಲಾರದು. ಆದ್ದರಿಂದ ತಿರುಚು ಚಿಕ್ಕದಾಗಿ, ಮೇಲು-ಕೆಳಗಿನ ಅಂತರವೇ ಮುಖ್ಯವಾಗಿದ್ದರೆ ಮಾತ್ರ ಪಟ್ಟಕ ನೆರವಾಗುತ್ತದೆ. ಪೆಟ್ಟಿನಿಂದ ಬಂದ ದೋಷದಲ್ಲಿ ನರ ತಾನಾಗಿ ಚೇತರಿಸಿಕೊಳ್ಳುವ ಸಂಭವವಿರುವುದರಿಂದ ಕನಿಷ್ಠ ಆರು ತಿಂಗಳಾದರೂ ಕಾಯುವುದು ವಾಡಿಕೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಂದ ಬಂದದ್ದು ಅನೇಕ ವೇಳೆ ಕೆಲವೇ ತಿಂಗಳುಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿ ಕೆಲಸ ನಡೆಸಬೇಕಾಗುತ್ತದೆ.

ಅನಂತರವೂ ದೋಷ ಉಳಿದರೆ ಶಸ್ತ್ರಚಿಕಿತ್ಸೆಯೇ ಮಾರ್ಗ. ಹುಟ್ಟಿನಿಂದ ಬಂದ ದೋಷದಲ್ಲಿ ಎದುರಾಳಿಯಾದ ಕೆಳಗಿನ ಓರೆ ಸ್ನಾಯು ಅತಿಯಾಗಿ ಎಳೆಯುತ್ತಿರುತ್ತದೆ. ಅದನ್ನು ಹಿಂದಕ್ಕೆ ಸರಿಸಿ ಅದರ ಬಲ ತಗ್ಗಿಸುತ್ತಾರೆ. ಮೇಲಿನ ಓರೆ ಸ್ನಾಯುವಿನ ಕಸೆಯೇ ಸಡಿಲವಾಗಿದ್ದರೆ ಅದನ್ನು ಮಡಿಸಿ ಹೊಲಿದು ಗಿಡ್ಡ ಮಾಡುತ್ತಾರೆ. ಆದರೆ ಕಣ್ಣು ಮೇಲಕ್ಕೇರದೆ ಕೇವಲ ತಿರುಚಿಕೊಂಡಿದ್ದರೆ ಏನು ಮಾಡುವುದು? ಇಡೀ ಕಸೆಯನ್ನು ಬಿಗಿದರೆ ತಿರುಚು ಸರಿಹೋದೀತು; ಆದರೆ ಕಣ್ಣು ಬೇಡದೆ ಕೆಳಕ್ಕಿಳಿದೀತು.

ಈ ತೊಡಕಿಗೆ ಜಪಾನಿನ ಹರಾಡ ಮತ್ತು ಇಟೊ ಎಂಬ ಇಬ್ಬರು ನೇತ್ರತಜ್ಞರು ೧೯೬೪ರಲ್ಲಿ ಅಚ್ಚುಕಟ್ಟಾದ ಪರಿಹಾರವನ್ನು ಪ್ರಕಟಿಸಿದರು. ಕಸೆಯ ಮುಂದಿನ ಎಳೆಗಳು ತಿರುಚುವುದಕ್ಕೆ, ಹಿಂದಿನ ಎಳೆಗಳು ಇಳಿಸುವುದಕ್ಕೆ ಎಂದು ಮೇಲೆ ಹೇಳಿದೆಯಷ್ಟೆ. ಅವರು ಕಸೆಯನ್ನು ಉದ್ದಕ್ಕೆ ಸೀಳಿ, ಮುಂದಿನ ಎಳೆಗಳನ್ನು ಮಾತ್ರ ಮುಂದಕ್ಕೂ ಹೊರಕ್ಕೂ ಎಳೆದು ಹೊಲಿದರು. ಹಿಂದಿನ ಎಳೆಗಳು ಇದ್ದಲ್ಲಿಯೇ ಉಳಿದವು. ಹೀಗೆ ಕಣ್ಣನ್ನು ಹೆಚ್ಚು ಮೇಲೆ ಕೆಳಗೆ ಮಾಡದೆ ತಿರುಚನ್ನಷ್ಟೇ ಬಿಡಿಸಲು ಸಾಧ್ಯವಾಯಿತು. ೧೯೭೪ರಲ್ಲಿ ಲಂಡನ್ನಿನ ಪೀಟರ್ ಫೆಲ್ಸ್ ಇದನ್ನು ಮಾರ್ಪಡಿಸಿದರು. ಆ ಕ್ರಮದಲ್ಲಿ ಮುಂದಿನ ಎಳೆಗಳನ್ನು ಬಿಡಿಸಿ, ಹೊರಬದಿಯ ನೇರ ಸ್ನಾಯುವಿನ ಮೇಲಂಚಿನ ಬಳಿ, ಆ ಸ್ನಾಯು ಅಂಟಿಕೊಂಡಿರುವ ಸ್ಥಳಕ್ಕಿಂತ ಸುಮಾರು ೮ ಮಿಲಿಮೀಟರ್ ಹಿಂದೆ ಹೊಲಿಯುತ್ತಾರೆ. ಇದರಿಂದ ಸಾಮಾನ್ಯವಾಗಿ ಸುಮಾರು ೧೦ ಡಿಗ್ರಿಗಳಷ್ಟು ತಿರುಚು ಬಿಡಿಸಬಹುದು. ಮೊದಮೊದಲು ಸಿಕ್ಕ ಫಲ ತಿಂಗಳುಗಳು ಕಳೆದಂತೆ ಕೊಂಚ ಸಡಿಲುವುದರಿಂದ, ಆರಂಭದಲ್ಲಿ ತುಸು ಹೆಚ್ಚಾಗಿಯೇ ಬಿಗಿಯುವ ರೂಢಿಯಿದೆ. ದೊಡ್ಡವರಲ್ಲಿ ಹೊಲಿಗೆಯನ್ನು ಜಾರುಗಂಟಾಗಿ ಬಿಟ್ಟು, ಎಚ್ಚರವಾದ ಬಳಿಕ ಅವರು ಕಂಡಂತೆ ಹೇಳುವುದನ್ನು ಕೇಳಿ ಬಿಗಿ ಸಡಿಲ ಮಾಡುವ ವಿಧಾನವೂ ಬಳಕೆಗೆ ಬಂದಿದೆ.

ಜನರಲ್ಲಿರುವ ಒಂದು ಭಯವನ್ನು ಇಲ್ಲಿ ನಿವಾರಿಸಬೇಕು. ಓರೆಗಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣನ್ನು ಹೊರಕ್ಕೆ ತೆಗೆದು ಮತ್ತೆ ಇಡುವುದಿಲ್ಲ. ಕಣ್ಣುಗುಡ್ಡೆಯ ಒಳಕ್ಕೂ ಕೈಯಿಡುವುದಿಲ್ಲ. ಕೆಲಸವೆಲ್ಲ ಅದರ ಹೊರಮೈಗೆ ಅಂಟಿದ ಸ್ನಾಯುಗಳ ಮೇಲೆಯೇ. ಹಾಗೆಂದು ಇದು ಸಂಪೂರ್ಣ ನಿರಪಾಯಕಾರಿಯೆಂದು ಹೇಳಲಾಗದು. ಅಳತೆ ಹೆಚ್ಚು ಕಡಿಮೆಯಾಗಬಹುದು, ಕಣ್ಣು ಮೇಲಕ್ಕೇಳುವುದು ಕುಂಠಿತವಾಗಬಹುದು, ಎರಡನೆಯ ಬಾರಿ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಇದಲ್ಲದೆ, ಹುಟ್ಟಿನಿಂದ ತಿರುಚಿಗೆ ಹೊಂದಿಕೊಂಡ ಮಿದುಳಿಗೆ, ಕಣ್ಣು ಸರಿಯಾದ ಮೇಲೆ ಕೆಲವು ದಿನ ಜಗತ್ತೇ ಎದುರು ದಿಕ್ಕಿಗೆ ವಾಲಿದಂತೆ ತೋರಬಹುದು. ಹಳೆಯ ಪಾಠವನ್ನು ಮರೆತು ಹೊಸ ಪಾಠ ಕಲಿಯಲು ಅದಕ್ಕೂ ಕಾಲಾವಕಾಶ ಬೇಕು.

ನಮ್ಮ ಕರ್ತವ್ಯ

ನಮ್ಮ ಜಿಲ್ಲೆಗೆ ಕಣ್ಣಿನ ಚಿಕಿತ್ಸೆಯ ವಿಷಯದಲ್ಲಿ ಹೆಮ್ಮೆಪಡಬೇಕಾದ ಪರಂಪರೆಯಿದೆ. ಬೀಳಗಿಯಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು (೧೯೧೬–೨೦೦೫) ಹಳ್ಳಿಹಳ್ಳಿಗಳಲ್ಲಿ ಸಾಮೂಹಿಕ ನೇತ್ರ ಶಿಬಿರಗಳನ್ನು ನಡೆಸಿ ಅಸಂಖ್ಯಾತ ಬಡವರ ಕಣ್ಣಿನ ಪೊರೆ ತೆಗೆದರು. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ಕಣ್ಣಿನ ಶಸ್ತ್ರಚಿಕಿತ್ಸೆಯೆಂದರೆ ಅಂಜುತ್ತಿದ್ದ ಜನರಿಗೆ ಧೈರ್ಯ ತುಂಬಿದ ಕೀರ್ತಿ ಅವರದು. ಪೊರೆಯನ್ನು ಗುರುತಿಸಲು ನಮ್ಮ ಅಜ್ಜಿಯರೂ ಕಲಿತರು. ತಿರುಚುದೋಷವನ್ನು ಗುರುತಿಸಲು ಮಾತ್ರ ನಾವಿನ್ನೂ ಕಲಿತಿಲ್ಲ.

ಇಂದು ಅನುಕೂಲತೆಗಳಿಗೆ ಕೊರತೆಯಿಲ್ಲ. ೧೯೦೬ರಲ್ಲಿ ಆರಂಭವಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ವೈದ್ಯಕೀಯ ಮಹಾವಿದ್ಯಾಲಯ ಬಾಗಲಕೋಟೆಯ ನವನಗರದಲ್ಲಿದೆ. ಹುಬ್ಬಳ್ಳಿಯಲ್ಲಿ ನೇತ್ರ ಚಿಕಿತ್ಸಾಲಯಗಳಿವೆ. ಬೆಂಗಳೂರಿನಲ್ಲಿ ಮಿಂಟೋ ಆಸ್ಪತ್ರೆಯಿದೆ. ಶಾಲಾ ಮಕ್ಕಳ ಆರೋಗ್ಯ ತಪಾಸಣೆಗೆಂದು ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಇದೆ. ಆದರೆ ತಪಾಸಣೆಗೆ ಬರುವ ವೈದ್ಯರು ಮಗುವನ್ನು ಕೆಲವು ನಿಮಿಷ ನೋಡುತ್ತಾರೆ; ಶಿಕ್ಷಕರು ದಿನವೂ ಗಂಟೆಗಟ್ಟಲೆ ನೋಡುತ್ತಾರೆ. ಅಕ್ಷರಫಲಕವನ್ನು ಸರಾಗವಾಗಿ ಓದುವ ಮಗುವಿನಲ್ಲಿ ಅಡಗಿದ ದೋಷವನ್ನು ಕಾಣುವ ಅವಕಾಶ ಶಿಕ್ಷಕರಿಗೇ ಹೆಚ್ಚು.

ಆದಕಾರಣ ಗುರುಬಂಧುಗಳಲ್ಲಿ ನನ್ನ ವಿನಂತಿ ಇದು. ಯಾವಾಗಲೂ ಒಂದೇ ಬದಿಗೆ ಕೊರಳು ವಾಲಿಸುವ, ಗದ್ದ ಎದೆಗೊತ್ತಿ ಹುಬ್ಬಿನಡಿಯಿಂದ ನೋಡುವ, ಓದುವಾಗ ಒಂದು ಕಣ್ಣು ಮುಚ್ಚುವ, ಮೆಟ್ಟಿಲಿಳಿಯುವಾಗ ತಡವರಿಸುವ ಮಗುವನ್ನು ಗದರಿಸಬೇಡಿರಿ. ಹೆಸರನ್ನು ಬರೆದಿಟ್ಟುಕೊಂಡು ತಂದೆತಾಯಿಗಳಿಗೆ ತಿಳಿಸಿರಿ. ಹಳೆಯ ವಿದ್ಯಾರ್ಥಿಗಳು ತಮ್ಮ ಮನೆಯ ಹಳೆಯ ಛಾಯಾಚಿತ್ರಗಳನ್ನು ಒಮ್ಮೆ ತೆರೆದು ನೋಡಿರಿ. ದಾನಿಗಳು ಕಟ್ಟಡಗಳಿಗೆ ಕೊಡುವ ಉದಾರ ಹಸ್ತದಿಂದಲೇ, ಇಂಥ ಮಗುವೊಂದು ತಾಯಿಯೊಡನೆ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿಬರುವ ವೆಚ್ಚಕ್ಕೂ ಒಂದು ಚಿಕ್ಕ ನಿಧಿಯನ್ನು ಮೀಸಲಿಟ್ಟರೆ ಅದು ಸಾರ್ಥಕ ದಾನವಾದೀತು.

ಆ ಸಮೂಹ ಛಾಯಾಚಿತ್ರದ ಒಂದು ಪ್ರತಿಯನ್ನು ನನ್ನ ವಿದ್ಯಾರ್ಥಿ ನನಗೆ ಬಿಟ್ಟುಹೋಗಿದ್ದಾನೆ. ಅದರಲ್ಲಿ ನಲವತ್ತು ತಲೆಗಳು ನೆಟ್ಟಗಿವೆ, ಒಂದು ವಾಲಿದೆ. ಆ ನಲವತ್ತರಲ್ಲಿ ನನ್ನದೂ ಒಂದು. ಪ್ರಪಂಚವನ್ನು ಸರಿಯಾಗಿ ಕಾಣಲು ಅಂದು ಹೆಚ್ಚು ಶ್ರಮಿಸುತ್ತಿದ್ದವನು ಹಿಂದಿನ ಸಾಲಿನ ತುದಿಯಲ್ಲಿದ್ದ ಆ ಬಾಲಕನೇ ಎಂಬುದನ್ನು ನಾನು ಬಹಳ ತಡವಾಗಿ ಅರಿತೆ. ನನ್ನ ನಂತರದ ಗುರುಗಳು ಅದನ್ನು ಬೇಗನೆ ಅರಿಯಲೆಂದು ಹಾರೈಸುತ್ತ ಈ ಲೇಖನವನ್ನು ಮುಗಿಸುತ್ತೇನೆ.